ಕೌದಿಯ ದಡಿ ಅಲೆಯೇಳುವುದೇಕೆ, ಮೂಲೆ ಮುದುಡುವುದೇಕೆ?

ಪ್ರಶ್ನೆ: ಅಮ್ಮನ ಹಳೆಯ ಇಳಕಲ್ ಸೀರೆಗಳಿಂದ ಒಬ್ಬರು ಮಲಗುವ ಮಂಚಕ್ಕೆ ಕೌದಿ ಮಾಡುತ್ತಿದ್ದೇನೆ. ನಡುವಿನ ತುಂಡುಗಳನ್ನು ಜೋಡಿಸಿದ ಮೇಲೆ 54×78 ಇಂಚು ಬಂತು. ಸುತ್ತಲೂ ಸೀರೆಯ ದಡಿಯನ್ನೇ ಬಾರ್ಡರ್ ಆಗಿ ಮೆಷಿನ್‌ನಲ್ಲಿ ಕೂಡಿಸಿದೆ. ಈಗ ನೆಲಕ್ಕೆ ಹಾಸಿದರೆ ಉದ್ದದ ಎರಡೂ ಬದಿ ಹಪ್ಪಳದಂತೆ ಅಲೆಯೇಳುತ್ತದೆ. ಓರೆಯಾಗಿ ಕೂಡಿಸಿದ ಮೂಲೆಗಳಲ್ಲಿ ಎರಡು ಮುದುಡಿವೆ, ಒಂದರಲ್ಲಿ ಸಣ್ಣ ತೂತು ಉಳಿದಿದೆ. ಒಳಪದರ ಇನ್ನೂ ಇಟ್ಟಿಲ್ಲ. ಮೂಲೆಗಳನ್ನಷ್ಟೇ ಬಿಚ್ಚಿ ಸರಿಮಾಡಬಹುದೇ? ಕೊನೆಗೆ ಅಂಚು ಮುಚ್ಚುವ ಗೋಟು ಕಟ್ಟುವಾಗ ಮೂಲೆ ಚೂಪಾಗಿ ಬರಲು ಏನು ಮಾಡಬೇಕು?

ಉತ್ತರ: ಮೂಲೆಗಳನ್ನಷ್ಟೇ ಬಿಚ್ಚಬೇಡಿ. ಎಷ್ಟು ಸಲ ಬಿಚ್ಚಿ ಹೊಲಿದರೂ ಮತ್ತೆ ಹಾಗೆಯೇ ಮುದುಡುತ್ತವೆ. ನಿಮ್ಮ ಬಾರ್ಡರ್ ಪಟ್ಟಿ ಕೌದಿಯ ಮೈಗಿಂತ ಉದ್ದವಾಗಿದೆ. ಆ ಹೆಚ್ಚಿನ ಬಟ್ಟೆ ಬದಿಯಲ್ಲಿ ಅಲೆಯಾಗಿ ಎದ್ದಿದೆ, ಅಲ್ಲಿ ಹಿಡಿಸದೆ ಉಳಿದದ್ದು ಮೂಲೆಗೆ ಬಂದು ಗುಡ್ಡೆಯಾಗಿದೆ. ತೂತೊಂದು ಮಾತ್ರ ಮೂಲೆಯದೇ ತಪ್ಪು, ಅದರ ಮಾತು ಮುಂದೆ ಬರುತ್ತದೆ. ಒಳಪದರ ಇಡುವ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ಈಗಾದರೆ ಬಿಚ್ಚುವುದು ಬಾರ್ಡರ್‌ನ ನಾಲ್ಕು ಹೊಲಿಗೆಗಳನ್ನು ಮಾತ್ರ.

ಮೊದಲು ಅಳೆಯಿರಿ. ಮೇಲ್ಪದರವನ್ನು ಟೈಲ್ಸ್ ನೆಲದ ಮೇಲೆ ಹಾಸಿ, ನಡುವಿನಿಂದ ಹೊರಕ್ಕೆ ಅಂಗೈಯಲ್ಲಿ ಸವರಿ. ತುದಿ ಹಿಡಿದು ಎಳೆಯಬೇಡಿ. ಟೇಪನ್ನು ಅಂಚಿನಲ್ಲಿ ಇಡದೆ ನಟ್ಟನಡುವೆ ಉದ್ದಕ್ಕೆ ಇಟ್ಟು, ಒಂದು ಬಾರ್ಡರ್ ಹೊಲಿಗೆಯಿಂದ ಎದುರಿನ ಬಾರ್ಡರ್ ಹೊಲಿಗೆಯವರೆಗೆ ಅಳೆಯಿರಿ. ಎರಡೂ ಬದಿಯಿಂದ ಒಂದೊಂದು ಅಡಿ ಒಳಗೆ ಇನ್ನೆರಡು ಸಲ ಅಳೆಯಿರಿ. ಮೂರರ ಸರಾಸರಿಯೇ ನಿಮ್ಮ ಕೌದಿಯ ನಿಜವಾದ ಉದ್ದ. ಈಗ ಬಾರ್ಡರ್ ಕೂಡಿಸಿದ ಹೊಲಿಗೆಯ ಗುಂಟ, ಅಲೆ ಎದ್ದ ಕಡೆ ಟೇಪೂ ಅಲೆಯ ಮೇಲೇ ಹೋಗುವಂತೆ ಅಳೆಯಿರಿ. ನಡುವೆ 78 ಬಂದು ಅಂಚಿನಲ್ಲಿ 79½ ಅಥವಾ 80 ಬಂದರೆ, ಕಾಟ ಕೊಡುತ್ತಿರುವುದು ಆ ವ್ಯತ್ಯಾಸವೇ.

ಅಂಚಿನ ಅಳತೆಯನ್ನು ಎಂದೂ ನಂಬಬಾರದು ಎನ್ನುವುದಕ್ಕೆ ಕಾರಣವಿದೆ. ಚಿಂದಿ ಜೋಡಿಸುವಾಗ ಹೊರಗಿನ ಸಾಲಿನ ತುಂಡುಗಳಿಗೆ ಒಂದು ಬದಿ ಹಿಡಿತವೇ ಇರುವುದಿಲ್ಲ. ಎತ್ತಿ ಇಡುವಾಗ, ಇಸ್ತ್ರಿ ಹಾಕುವಾಗ, ಮೆಷಿನ್‌ಗೆ ಕೊಡುವಾಗ ಎಲ್ಲ ಎಳೆತವೂ ಆ ಬದಿಗೇ. ಅದರಲ್ಲೂ ಕ್ರಾಸ್ ಆಗಿ, ಅಂದರೆ ಎಳೆಗಳಿಗೆ ಓರೆಯಾಗಿ, ಕತ್ತರಿಸಿದ ತುಂಡು ಅಂಚಿಗೆ ಬಂದಿದ್ದರೆ ಅದು ಮುಟ್ಟಿದಷ್ಟು ಹಿಗ್ಗುತ್ತದೆ. ಇದರ ಮೇಲೆ ಬಹಳ ಜನ ಮಾಡುವ ಇನ್ನೊಂದು ಕೆಲಸವೆಂದರೆ ಉದ್ದನೆಯ ಪಟ್ಟಿಯನ್ನು ಅಳೆಯದೆ ಮೇಲಿಟ್ಟು ಹೊಲಿಯುತ್ತ ಹೋಗಿ, ತುದಿ ಬಂದಾಗ ಉಳಿದದ್ದನ್ನು ಕತ್ತರಿಸಿಬಿಡುವುದು. ಮೆಷಿನ್‌ನ ಹಲ್ಲು ಕೆಳಗಿನ ಬಟ್ಟೆಯನ್ನು ಎಳೆದುಕೊಳ್ಳುತ್ತದೆ, ಮೇಲಿನ ಬಟ್ಟೆಯನ್ನು ಪಾದ ಒತ್ತಿ ಹಿಡಿಯುತ್ತದೆ. ಎರಡೂ ಒಂದೇ ವೇಗದಲ್ಲಿ ಸಾಗುವುದಿಲ್ಲ. 79 ಇಂಚಿನ ಓಟದಲ್ಲಿ ಒಂದೊಂದು ಟಾಕಿಗೆ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೊನೆಗೆ ಅದು ಇಂಚಿನ ಲೆಕ್ಕಕ್ಕೆ ಬರುತ್ತದೆ. ಅಂಚು ಅಲೆಯೆದ್ದರೆ ಬಾರ್ಡರ್ ಉದ್ದವಾಗಿದೆ ಎಂದು ಅರ್ಥ. ಅಂಚು ಬಿಗಿದು ನಡು ಬೋಗುಣಿಯಂತೆ ಉಬ್ಬಿದರೆ ಬಾರ್ಡರ್ ಗಿಡ್ಡವಾಗಿದೆ. ಹೊಸ ಬಟ್ಟೆಯನ್ನು ಒಗೆಯದೆ ಬಾರ್ಡರ್‌ಗೆ ಹಾಕಿದವರಿಗೆ ಈ ಎರಡನೆಯ ತೊಂದರೆ ಮೊದಲ ಒಗೆತದ ನಂತರ ಕಾಣಿಸಿಕೊಳ್ಳುತ್ತದೆ.

ಇಳಕಲ್ ದಡಿಯ ಬಗ್ಗೆ ಸ್ವಲ್ಪ ತಿಳಿದಿದ್ದರೆ ಕೆಲಸ ಹಗುರ. ಈ ಸೀರೆಗಳಲ್ಲಿ ಮೈ ಹತ್ತಿಯದಾದರೂ ದಡಿಯ ಹಾಸು, ಅಂದರೆ ಉದ್ದಕ್ಕೆ ಓಡುವ ಎಳೆ, ಸಾಮಾನ್ಯವಾಗಿ ರೇಷ್ಮೆ ಅಥವಾ ಆರ್ಟ್ ಸಿಲ್ಕ್ (ಕೃತಕ ರೇಷ್ಮೆ). ದಡಿ ಸೀರೆಯ ಉದ್ದಕ್ಕೆ, ಅಂದರೆ ಹಾಸಿನ ಗುಂಟ ಓಡುತ್ತದೆ, ಎಳೆಗಳೂ ಒತ್ತಾಗಿರುತ್ತವೆ. ಆದ್ದರಿಂದ ಉದ್ದಕ್ಕೆ ಎಳೆದರೆ ಅದು ಬಹಳ ಹಿಗ್ಗುವುದಿಲ್ಲ. ಬಾರ್ಡರ್‌ಗೆ ಇದಕ್ಕಿಂತ ಒಳ್ಳೆಯ ಬಟ್ಟೆ ಸಿಗುವುದು ಕಷ್ಟ. ಆದರೆ ಅದೇ ನುಣುಪು ದಾರ ಕತ್ತರಿಸಿದ ಕಡೆ ಸರಸರನೆ ಬಿಚ್ಚಿಕೊಳ್ಳುತ್ತದೆ. ಉಪಾಯ ಇಷ್ಟೇ: ದಡಿಯನ್ನು ಸರಿಯಾಗಿ ಅದರ ಗೆರೆಗೇ ಕತ್ತರಿಸದೆ, ಸೀರೆಯ ಮೈಯ ಹತ್ತಿಯನ್ನೂ 1 ಇಂಚು ಸೇರಿಸಿ ಕತ್ತರಿಸಿ. ಆಗ ಕೌದಿಯ ನಡುವಿಗೆ ಕೂಡುವ ಹೊಲಿಗೆ ಹತ್ತಿಯ ಮೇಲೆ ಬೀಳುತ್ತದೆ, ಹಿಡಿತ ನಿಲ್ಲುತ್ತದೆ. ಇಸ್ತ್ರಿ ಹದವಾಗಿರಲಿ, ದಡಿಯ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಹಾಕಿಯೇ ಒತ್ತಿ; ಆರ್ಟ್ ಸಿಲ್ಕ್ ಹೆಚ್ಚು ಬಿಸಿ ತಾಗಿದರೆ ಮಿರುಗಿ ಮುದುರುತ್ತದೆ.

ಒಂದು ಸೀರೆಗೆ ಎರಡು ದಡಿ. ಎರಡೂ ಒಂದೇ ಗಟ್ಟಿ ಅಲ್ಲ. ಕೆಳಗಿನ ದಡಿ ಹಿಮ್ಮಡಿಗೆ ತಾಗಿ, ನೆಲಕ್ಕೆ ಉಜ್ಜಿ ಸವೆದಿರುತ್ತದೆ. ಫಾಲ್ ಹಾಕಿಸಿದ್ದರೆ ಅದನ್ನು ಬಿಚ್ಚಿದಾಗ ಹೊಲಿಗೆಯ ತೂತಿನ ಸಾಲು, ಅದರ ಗುಂಟ ಹೋಗದ ಕೊಳೆಗೆರೆ ಎರಡೂ ಕಾಣುತ್ತವೆ. ಸೊಂಟಕ್ಕೆ ಸಿಕ್ಕಿಸುವ ಮೇಲಿನ ದಡಿ ಬಹುಮಟ್ಟಿಗೆ ಹೊಸದರಂತೆಯೇ ಇರುತ್ತದೆ. ಕೈ ಹೆಚ್ಚು ತಾಗುವ ಉದ್ದದ ಬದಿಗಳಿಗೆ ಮೇಲಿನ ದಡಿ ಇಡಿ. ಕೆಳಗಿನದನ್ನು ಬೆಳಕಿಗೆ ಹಿಡಿದು, ಎಳೆ ತೆಳುವಾದ ಭಾಗ ಬಿಟ್ಟು, ಅಡ್ಡ ಬದಿಗಳಿಗೆ ಬಳಸಿ. ಸೀರೆಗಳು ಎಷ್ಟೇ ಹಳೆಯವಾದರೂ ಕೆಂಪು, ಮರೂನ್ ದಡಿಯ ಬಣ್ಣವನ್ನು ಒಮ್ಮೆ ಪರೀಕ್ಷಿಸಿ: ಒದ್ದೆ ಬಿಳಿ ಬಟ್ಟೆ ಹಾಸಿ ಇಸ್ತ್ರಿ ಒತ್ತಿದಾಗ ಗುಲಾಬಿ ಕಲೆ ಮೂಡಿದರೆ, ನೀರು ತಿಳಿಯಾಗುವವರೆಗೆ ತೊಳೆದ ಮೇಲೆಯೇ ಕತ್ತರಿ ಹಿಡಿಯಿರಿ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಂತುಬಿಡುತ್ತದೆ ಎಂಬ ಮಾತನ್ನು ನೆಚ್ಚಿಕೊಳ್ಳಬೇಡಿ.

ಈಗ ಅಳತೆ. ಹಳೆಯ ಸೀರೆಯ ನೇಯ್ಗೆ ಸಡಿಲ, ಹಾಗಾಗಿ ಹೊಲಿಗೆಯ ಆಚೆ ಬಿಡುವ ಮಾರ್ಜಿನ್ ಕಾಲು ಇಂಚು ಸಾಲದು, ಅರ್ಧ ಇಂಚು ಇರಲಿ. ನಿಮ್ಮ ನಡುಭಾಗ ಹೊಲಿದ ಮೇಲೆ 54×78 ಆಗಬೇಕಾದರೆ ಮಾರ್ಜಿನ್ ಸೇರಿ 55×79 ಇರಬೇಕು. ಕಾಣುವ ಬಾರ್ಡರ್ 5 ಇಂಚು ಎಂದಿಟ್ಟುಕೊಂಡರೆ ಪಟ್ಟಿಯ ಅಗಲ 6. ಮೂಲೆಯನ್ನು ಮೂರು ಬಗೆಯಲ್ಲಿ ಮಾಡಬಹುದು, ಪಟ್ಟಿಯ ಉದ್ದ ಅದಕ್ಕೆ ತಕ್ಕಂತೆ ಬದಲಾಗುತ್ತದೆ.

ಎಲ್ಲಕ್ಕಿಂತ ಸರಳವಾದದ್ದು ನೇರ ಮೂಲೆ. ಉದ್ದದ ಬದಿಗೆ 79 ಇಂಚಿನ ಎರಡು ಪಟ್ಟಿ ಕೂಡಿಸಿ ಇಸ್ತ್ರಿ ಮಾಡಿ. ಈಗ ಒಟ್ಟು ಅಗಲ 65 ಆಗಿರುತ್ತದೆ. ಮೇಲೆ ಕೆಳಗೆ 65 ಇಂಚಿನ ಎರಡು ಪಟ್ಟಿ. ಮುಗಿಯಿತು. ಒಂದೇ ಬಣ್ಣದ ದಡಿಗೆ ಇದು ಸಾಕು. ಗೋಮಿ, ಚಿಕ್ಕಿ, ಗಾಡಿಯಂಥ ವಿನ್ಯಾಸದ ದಡಿಯಾದರೆ ಮೂಲೆಯಲ್ಲಿ ಒಂದರ ಸಾಲು ಇನ್ನೊಂದರ ಮಗ್ಗುಲಿಗೆ ಹೋಗಿ ಗುದ್ದುತ್ತದೆ, ನೋಡಲು ಚೆನ್ನಾಗಿರುವುದಿಲ್ಲ.

ಅದಕ್ಕೆ ಚೌಕದ ಮೂಲೆ. ಉದ್ದಕ್ಕೆ 79ರ ಎರಡು, ಅಡ್ಡಕ್ಕೆ 55ರ ಎರಡು ಪಟ್ಟಿ, ಜೊತೆಗೆ 6×6 ಇಂಚಿನ ನಾಲ್ಕು ಚೌಕ. ಉದ್ದದ ಪಟ್ಟಿಗಳನ್ನು ಕೌದಿಗೆ ಕೂಡಿಸಿ. ಅಡ್ಡಪಟ್ಟಿಗಳ ಎರಡೂ ತುದಿಗೆ ಒಂದೊಂದು ಚೌಕ ಹೊಲಿದರೆ ಅವು 65 ಇಂಚು ಆಗುತ್ತವೆ, ಆಮೇಲೆ ಅವನ್ನು ಮೇಲೆ ಕೆಳಗೆ ಕೂಡಿಸಿ. ಚೌಕ ಸೇರುವ ಕಡೆ ಒಂದು ಮಾರ್ಜಿನ್ ಎಡಕ್ಕೂ ಇನ್ನೊಂದು ಬಲಕ್ಕೂ ಮಡಚಿ ಇಸ್ತ್ರಿ ಮಾಡಿಕೊಂಡರೆ ಎರಡು ಹೊಲಿಗೆ ಒಂದಕ್ಕೊಂದು ಕಚ್ಚಿ ಕೂರುತ್ತವೆ, ಗಂಟು ಏಳುವುದಿಲ್ಲ. ನನ್ನನ್ನು ಕೇಳಿದರೆ ಹಳೆಯ ಸೀರೆಯ ಕೌದಿಗೆ ಇದೇ ಸರಿಯಾದ ಮೂಲೆ. ವಿನ್ಯಾಸ ಹೊಂದಿಸುವ ತಲೆನೋವಿಲ್ಲ, ಕ್ರಾಸ್ ಹೊಲಿಗೆಯಿಲ್ಲ, ಸೆರಗಿನ ಒಂದು ಚಂದದ ತುಂಡಿಗೆ ಜಾಗವೂ ಸಿಗುತ್ತದೆ. ತೋಪು ತೆನೆ ಎಂಬ ಇಳಕಲ್ ಸೆರಗಿನ ಕೆಂಪು–ಬಿಳಿ ಚೂರನ್ನು ನಾಲ್ಕು ಮೂಲೆಗೆ ಇಟ್ಟ ಕೌದಿ ಕಣ್ಣಿಗೆ ಹಬ್ಬ.

ಮೂರನೆಯದು ನೀವು ಮಾಡಿದ ಓರೆ ಮೂಲೆ. ಅಂದದಲ್ಲಿ ಇದಕ್ಕೆ ಸಾಟಿಯಿಲ್ಲ, ತಪ್ಪು ಮಾಡಲು ಅವಕಾಶವೂ ಇದರಲ್ಲೇ ಹೆಚ್ಚು. ಪಟ್ಟಿಗಳು ಎರಡೂ ತುದಿಗೆ 8 ಇಂಚಿನಂತೆ ಹೆಚ್ಚಿಗೆ ಬೇಕು: ಉದ್ದಕ್ಕೆ 95, ಅಡ್ಡಕ್ಕೆ 71. ಆರು ಗಜದ ಸೀರೆಯ ಒಂದು ದಡಿ 216 ಇಂಚು ಬರುವುದರಿಂದ ಒಂದು ದಡಿಯಲ್ಲಿ ಎರಡು ಉದ್ದದ ಪಟ್ಟಿ, ಇನ್ನೊಂದರಲ್ಲಿ ಎರಡು ಅಡ್ಡಪಟ್ಟಿ ನಡುವೆ ಜೋಡಣೆಯಿಲ್ಲದೆ ಸಿಗುತ್ತವೆ. ನಿಮ್ಮ ಪಟ್ಟಿಗಳನ್ನು ಈಗಾಗಲೇ ಮೂಲೆಯಲ್ಲಿ ಕತ್ತರಿಸಿದ್ದರೆ ಓರೆ ಮೂಲೆಗೆ ಮತ್ತೆ ಉದ್ದ ಸಾಲದೆ ಹೋಗಬಹುದು. ಆಗ ತುದಿಗಳನ್ನು ನೇರಮಾಡಿ ಚೌಕದ ಮೂಲೆಗೆ ತಿರುಗಿ.

ಓರೆ ಮೂಲೆಯೇ ಬೇಕೆಂದರೆ ನಿಧಾನವಾಗಿ ಹೀಗೆ ಮಾಡಿ. ನಡುಭಾಗದ ನಾಲ್ಕೂ ಮೂಲೆಯಲ್ಲಿ, ತಪ್ಪು ಬದಿಗೆ (ಬಟ್ಟೆಯ ಹಿಂಬದಿಗೆ), ಎರಡೂ ಅಂಚಿನಿಂದ ಅರ್ಧರ್ಧ ಇಂಚು ಒಳಗೆ ಒಂದು ಚುಕ್ಕೆ ಇಡಿ. ಗಾಢ ಬಣ್ಣದ ಬಟ್ಟೆಯ ಮೇಲೆ ಸವೆದು ತೆಳ್ಳಗಾದ ಸೋಪಿನ ಚೂರಿಗಿಂತ ಚೆನ್ನಾಗಿ ಗುರುತು ಹಾಕುವ ವಸ್ತುವಿಲ್ಲ, ಒಗೆದರೆ ಹೋಗುತ್ತದೆ. ಪಟ್ಟಿಯ ಮಧ್ಯವನ್ನು ಬದಿಯ ಮಧ್ಯಕ್ಕೆ ಸೇರಿಸಿ ಗುಂಡುಪಿನ್ನು ಚುಚ್ಚಿ. ದಡಿಯಲ್ಲಿ ವಿನ್ಯಾಸವಿದ್ದರೆ ಒಂದು ಹೂವಿನ ಅಥವಾ ಗೋಪುರದ ನಟ್ಟನಡು ಬದಿಯ ಮಧ್ಯಕ್ಕೆ ಬರಲಿ, ಆಗ ಎರಡು ತುದಿಯಲ್ಲೂ ವಿನ್ಯಾಸ ಒಂದೇ ಕಡೆ ಮುರಿಯುತ್ತದೆ. ಹೊಲಿಗೆ ಒಂದು ಚುಕ್ಕೆಯಿಂದ ಇನ್ನೊಂದು ಚುಕ್ಕೆಗೆ ಮಾತ್ರ. ಶುರುವಿನಲ್ಲೂ ಕೊನೆಯಲ್ಲೂ ಮೂರು ಟಾಕಿ ಹಿಂದೆಮುಂದೆ ಹೊಲಿದು ಬಿಗಿಮಾಡಿ. ಪಕ್ಕದ ಪಟ್ಟಿಯ ಹೊಲಿಗೆಯೂ ಬಂದು ಅದೇ ಚುಕ್ಕೆಯಲ್ಲಿ ನಿಲ್ಲಬೇಕು. ಒಂದು ಟಾಕಿ ದಾಟಿದರೆ ಅಲ್ಲಿ ಮುದುಡು, ಎರಡು ಟಾಕಿ ಮೊದಲೇ ನಿಂತರೆ ಅಲ್ಲಿ ತೂತು. ನಿಮ್ಮ ಕೌದಿಯ ತೂತು ಹುಟ್ಟಿದ್ದು ಹೀಗೆ. ಕೊನೆಯ ಐದಾರು ಟಾಕಿಗಳನ್ನು ಮೋಟರ್ ಬಿಟ್ಟು ಕೈಚಕ್ರ ತಿರುಗಿಸಿ ಹಾಕಿದರೆ ಸೂಜಿ ಸರಿಯಾಗಿ ಚುಕ್ಕೆಗೇ ಇಳಿಯುತ್ತದೆ.

ಬಳಿಕ ಕೌದಿಯನ್ನು ಆ ಮೂಲೆಯಿಂದ ಕರ್ಣರೇಖೆಗೆ ಮಡಚಿ, ಸರಿ ಬದಿ ಒಳಗೆ. ಎರಡು ಪಟ್ಟಿಗಳು ಒಂದರ ಮೇಲೊಂದು ತಾಳೆಯಾಗಿ ಕೂರಬೇಕು, ಹೊರಗಿನ ಅಂಚುಗಳು ಒಂದೇ ಗೆರೆಯಲ್ಲಿ ಇರಬೇಕು. ಕೌದಿಯ ಮಡಿಕೆ ಎಲ್ಲಿ ಮುಗಿಯುತ್ತದೋ ಅದೇ ಗೆರೆಯನ್ನು ಸ್ಕೇಲಿನಿಂದ ಪಟ್ಟಿಯ ಮೇಲೆ ಮುಂದುವರಿಸಿ ಎಳೆಯಿರಿ. ಅದು ಪಟ್ಟಿಯ ಅಂಚಿಗೆ 45 ಡಿಗ್ರಿ ಇದೆಯೋ ನೋಡಲು ಚೌಕಾಕಾರದ ಕಾಗದವನ್ನು ಕರ್ಣಕ್ಕೆ ಮಡಚಿ ಇಟ್ಟರೆ ಸಾಕು. ಗೆರೆಯ ಮೇಲೆ ಮೊದಲು ಕಚ್ಚಾ ಹೊಲಿಗೆ ಹಾಕಿ, ಬಿಡಿಸಿ, ನೆಲದ ಟೈಲಿನ ಮೂಲೆಗೆ ಇಟ್ಟು ನೋಡಿ. ಟೈಲಿನ ಎರಡೂ ಗೆರೆಗೆ ಬಾರ್ಡರ್ ಕೂತರೆ ಮೆಷಿನ್ ಹೊಲಿಗೆ ಹಾಕಿ, ಅದೂ ಒಳಗಿನ ಚುಕ್ಕೆಯಿಂದ ಹೊರಗಿನ ಅಂಚಿನ ಕಡೆಗೆ. ಹೊರಗಿನಿಂದ ಒಳಗೆ ಹೊಲಿದರೆ ಬಟ್ಟೆ ಸರಿದು ಉಳಿದ ಗುಡ್ಡೆ ಚುಕ್ಕೆಯ ಹತ್ತಿರ ಸಿಕ್ಕಿಕೊಳ್ಳುತ್ತದೆ. ಒಳಗಿನಿಂದ ಹೊರಗೆ ಹೋದರೆ ಅದು ಅಂಚಿನಲ್ಲಿ ಉಳಿಯುತ್ತದೆ, ಕತ್ತರಿಸಬಹುದು. ಇದು ಕ್ರಾಸ್ ಹೊಲಿಗೆಯಾದ್ದರಿಂದ ಎಳೆದರೆ ಹಿಗ್ಗುತ್ತದೆ. ಬಟ್ಟೆಯನ್ನು ಕೈಯಿಂದ ನಡೆಸಿ, ಜಗ್ಗಬೇಡಿ. ಟೈಲಿನ ಮೇಲೆ ಇಟ್ಟು ಒಪ್ಪಿಗೆಯಾದ ಮೇಲಷ್ಟೇ ಹೆಚ್ಚಿನ ಬಟ್ಟೆಯನ್ನು ಅರ್ಧ ಇಂಚು ಬಿಟ್ಟು ಕತ್ತರಿಸಿ, ಮಾರ್ಜಿನ್ ಎರಡು ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ಮೊದಲೇ ಕತ್ತರಿಸಿಬಿಟ್ಟರೆ ತಿದ್ದಲು ಬಟ್ಟೆ ಉಳಿಯುವುದಿಲ್ಲ.

ಮೂಲೆ ಯಾವ ಬಗೆಯದಾದರೂ ಬದಿಯ ಹೊಲಿಗೆಗೆ ಒಂದೇ ವಿಧಾನ. ಪಟ್ಟಿಯಲ್ಲಿ ಬದಿಗೆ ಕೂಡುವಷ್ಟು ಉದ್ದವನ್ನು ಅರ್ಧ, ಮತ್ತೆ ಅರ್ಧ, ಮತ್ತೊಮ್ಮೆ ಅರ್ಧ ಮಡಚಿ ಎಂಟು ಭಾಗದ ಗುರುತು ಹಾಕಿ. ಕೌದಿಯ ಬದಿಗೂ ಹಾಗೆಯೇ. ಗುರುತಿಗೆ ಗುರುತು ಸೇರಿಸಿ ಪಿನ್ನು ಚುಚ್ಚಿ, ನಡುವೆ ನಾಲ್ಕು ಇಂಚಿಗೊಂದರಂತೆ ಇನ್ನಷ್ಟು ಪಿನ್ನು. ಯಾವುದು ಸ್ವಲ್ಪ ಉದ್ದವಾಗಿ ತೋರುತ್ತದೋ ಅದು ಕೆಳಗೆ, ಹಲ್ಲಿನ ಕಡೆ ಇರಲಿ. ಸಾಮಾನ್ಯವಾಗಿ ಹಿಗ್ಗಿದ ಕೌದಿಯ ಅಂಚೇ ಉದ್ದ ಇರುತ್ತದೆ, ಹಲ್ಲು ಅದನ್ನು ಸದ್ದಿಲ್ಲದೆ ಒಳಗೆಳೆದುಕೊಳ್ಳುತ್ತದೆ. 78 ಇಂಚಿಗೆ ಅರ್ಧದಿಂದ ಮುಕ್ಕಾಲು ಇಂಚು ಹೀಗೆ ನೆರಿಗೆ ಕಾಣದಂತೆ ನುಂಗಿಸಬಹುದು. ಅದಕ್ಕಿಂತ ಹೆಚ್ಚಿದ್ದರೆ ಪಿನ್ನಿನ ನಡುವೆ ಪುಟ್ಟ ಪುಟ್ಟ ಮಡಿಕೆ ಬೀಳುತ್ತವೆ. ಆಗ ನಡುಭಾಗದ ಅಂಚಿನ ಗುಂಟ, ಕಾಲು ಇಂಚು ಒಳಗೆ, ಕೈಯಿಂದ ಒಂದು ಸಾಲು ದಾರ ಓಡಿಸಿ, ಅದನ್ನು ಮೆಲ್ಲಗೆ ಜಗ್ಗಿ, ಅಳತೆಗೆ ಬಂದ ಮೇಲೆ ಗಂಟು ಹಾಕಿ ಇಸ್ತ್ರಿ ಒತ್ತಿ. ಒಂದೂವರೆ ಇಂಚು ಮೀರಿದರೆ ಬಾರ್ಡರ್ ಅಲ್ಲ, ನಡುವಿನ ಜೋಡಣೆಯಲ್ಲೇ ಏನೋ ಎಡವಟ್ಟಾಗಿದೆ. ಹೊರಗಿನ ಸಾಲಿನ ಎರಡು ಮೂರು ಜೋಡಣೆಗಳನ್ನು ತುಸು ಒಳಗೆ ಹಿಡಿದು ಹೊಲಿಯಿರಿ.

ನಿಮ್ಮ ಕೆಲಸ ಇಲ್ಲಿಗೆ ಹೀಗಾಗುತ್ತದೆ: ಬಾರ್ಡರ್‌ನ ನಾಲ್ಕೂ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಇಸ್ತ್ರಿ ಮಾಡಿ, ನಡುವಿನ ಅಳತೆಗೆ ಮರು ಕತ್ತರಿಸಿ ಕೂಡಿಸುವುದು. ಬಿಚ್ಚುವಾಗ ಬ್ಲೇಡಿನಿಂದ ಹಳೆಯ ಸೀರೆಯ ಎಳೆಯೂ ಸಿಗಿದುಹೋಗುತ್ತದೆ. ಒಂದು ಬದಿಯಲ್ಲಿ ನಾಲ್ಕೈದು ಟಾಕಿಗೊಂದರಂತೆ ದಾರ ಕತ್ತರಿಸಿ, ಇನ್ನೊಂದು ಬದಿಯ ದಾರ ಹಿಡಿದು ಎಳೆದರೆ ಸಲೀಸಾಗಿ ಬರುತ್ತದೆ. ಮೆಷಿನ್ ಟಾಕಿ ತುಂಬ ಚಿಕ್ಕದಿದ್ದರೆ ಬಿಚ್ಚಿದ ಗೆರೆಯಲ್ಲಿ ಬಟ್ಟೆ ಅಂಚೆಚೀಟಿಯಂತೆ ತೂತುತೂತಾಗಿರುತ್ತದೆ. ಅದರ ಮೇಲೆಯೇ ಹೊಲಿಯದೆ ಒಂದೆರಡು ಎಳೆ ಒಳಗೆ ಹೊಲಿಯಿರಿ.

ಮುಂದೆ ಒಳಪದರ ಇಟ್ಟು ಕೈಹೊಲಿಗೆ ಹಾಕುವಾಗಲೂ ಅಂಚು ಕೆಡಬಹುದು. ಕೆಳಪದರ, ಒಳಪದರಗಳು ಮೇಲ್ಪದರಕ್ಕಿಂತ ಸುತ್ತಲೂ 2 ಇಂಚು ಹೆಚ್ಚಿರಲಿ. ಅಂಗೈ ಅಗಲಕ್ಕೊಂದು ಕಚ್ಚಾ ಹೊಲಿಗೆ ಹಾಕಿ, ಸಾಲುಗಳನ್ನು ನಡುವಿನಿಂದ ಹೊರಕ್ಕೆ ಹೊಲಿಯಿರಿ. ದಾರ ಒಂದು ಮೊಳಕ್ಕಿಂತ ಉದ್ದ ಬೇಡ. ಉದ್ದ ದಾರ ಬಟ್ಟೆಯೊಳಗೆ ನೂರಾರು ಸಲ ಉಜ್ಜಿ ಕೊನೆಗೆ ನಾರಾಗುತ್ತದೆ. ಬಾರ್ಡರ್‌ನಲ್ಲೂ ನಡುವಿನಷ್ಟೇ ಒತ್ತಾಗಿ ಸಾಲು ಬರಲಿ. ಹೊಲಿದಷ್ಟೂ ಬಟ್ಟೆ ಕುಗ್ಗುತ್ತದೆ. ನಡುವೆ ಅರ್ಧ ಇಂಚಿಗೊಂದು ಸಾಲು ಹಾಕಿ ಬಾರ್ಡರ್‌ನಲ್ಲಿ ಎರಡೇ ಸಾಲು ಓಡಿಸಿ ಕೈಬಿಟ್ಟರೆ, ನಡು ಕುಗ್ಗಿ ಬಾರ್ಡರ್ ಹಾಗೆಯೇ ಉಳಿದು, ಅಷ್ಟು ಕಷ್ಟಪಟ್ಟು ಓಡಿಸಿದ ಅಲೆ ಮತ್ತೆ ಬಂದು ಕೂರುತ್ತದೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಹೊಲಿಯುವ ಕವಂದಿ ಎಂಬ ಕೌದಿಯಲ್ಲಿ ಈ ಅಲೆಯ ಕಾಟ ಹುಟ್ಟಲು ಜಾಗವೇ ಇಲ್ಲ. ಅವರ ಹೊಲಿಗೆ ಹೋಗುವ ದಿಕ್ಕೇ ಬೇರೆ. ತಳಕ್ಕೆ ಬಟ್ಟೆ ಹಾಸಿಕೊಂಡು, ಒಂದು ಮೂಲೆಯಿಂದ ಹಿಡಿದು ಅಂಚಿನ ಗುಂಟ ಸುತ್ತು ಬರುತ್ತಾರೆ. ತುಂಡಿನ ಅಂಚನ್ನು ಒಳಗೆ ಮಡಚಿ, ಪಕ್ಕದ ತುಂಡಿನ ಮೇಲೆ ಏರಿಸಿ, ತಳದವರೆಗೂ ಸೂಜಿ ಇಳಿಸಿ ಹೊಲಿಯುತ್ತ ಸುತ್ತುಸುತ್ತಾಗಿ ನಡುವಿಗೆ ಹೋಗಿ ಮುಗಿಸುತ್ತಾರೆ. ಬಾರ್ಡರ್ ಮೊದಲು, ನಡು ಕೊನೆಗೆ. ಅಂಚು ಮೊದಲ ಸುತ್ತಿನಲ್ಲೇ ತಳಕ್ಕೆ ಕಚ್ಚಿ ಕೂತಿರುವುದರಿಂದ ಹಿಗ್ಗಲು ಅದಕ್ಕೆ ಅವಕಾಶವಿಲ್ಲ. ಮೂಲೆಗಳಿಗೆ ಅವರು ಮಡಚಿದ ಬಟ್ಟೆಯ ಚೂರುಗಳನ್ನಿಡುತ್ತಾರೆ, ಅದಕ್ಕೆ ಫೂಲ, ಅಂದರೆ ಹೂವು, ಎನ್ನುತ್ತಾರೆ. ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಂದದ ಮಾತು ಹಾಗಿರಲಿ, ಕೊಡವಲು, ಹಿಂಡಲು, ಒಣಹಾಕಲು ನಾವು ಹಿಡಿಯುವ ಜಾಗಕ್ಕೆ ಇದರಿಂದ ಇನ್ನೊಂದು ಪದರ ಸಿಗುತ್ತದೆ. ನಿಮ್ಮ ಕೌದಿಗೂ ಇದೇ ನೆಪದಲ್ಲಿ ಮೂಲೆಗೊಂದು ತ್ರಿಕೋನ ಇಡಬಹುದು: 4 ಇಂಚಿನ ಚೌಕವನ್ನು ಕರ್ಣಕ್ಕೆ ಒಮ್ಮೆ ಮಡಚಿ, ಮಡಿಕೆ ಒಳಮುಖವಾಗಿ, ಬಿಚ್ಚಿದ ಎರಡು ಬದಿ ಕೌದಿಯ ಎರಡು ಅಂಚಿಗೆ ಸರಿಯಾಗಿ ಇಟ್ಟು ಕಚ್ಚಾ ಹೊಲಿಗೆ ಹಾಕಿ. ಗೋಟು ಬಂದು ಅದರ ಅಂಚನ್ನು ಮುಚ್ಚುತ್ತದೆ. ಒಂದೇ ಸಾಕು, ಮೂರು ನಾಲ್ಕು ಪೇರಿಸಿದರೆ ಮೆಷಿನ್ ಸೂಜಿ ಅಲ್ಲಿ ಮುರಿಯುತ್ತದೆ.

ಇನ್ನು ಗೋಟು, ಅಂದರೆ ಕೊನೆಯ ಅಂಚು ಮುಚ್ಚುವ ಪಟ್ಟಿ. ಕೈಹೊಲಿಗೆ ಮುಗಿದ ಮೇಲೆ ಹೆಚ್ಚಿನ ಒಳಪದರ, ಕೆಳಪದರಗಳನ್ನು ಮೇಲ್ಪದರದ ಅಂಚಿಗೆ ಸಮ ಕತ್ತರಿಸಿ. ಕೈಹೊಲಿಗೆಯಿಂದ ತುಸು ಕುಗ್ಗಿದರೂ ಲೆಕ್ಕಕ್ಕೆ ಮಾರ್ಜಿನ್ ಸೇರಿ 65×89 ಎಂದೇ ಹಿಡಿಯೋಣ. ಸುತ್ತಳತೆ 308 ಇಂಚು, ಜೋಡಣೆಗೂ ಮೂಲೆಗೂ 12 ಸೇರಿಸಿ 320. ಸೀರೆಯ ಮೈಯಿಂದ ಉದ್ದಕ್ಕೆ ಎರಡು ಪಟ್ಟಿ ತೆಗೆದರೆ ಸಾಕು. ಅಗಲವನ್ನು ಊಹಿಸಬೇಡಿ. ಕಾಗದದ ಪಟ್ಟಿಯೊಂದನ್ನು ಮಧ್ಯಕ್ಕೆ ಮಡಚಿ, ಕೌದಿಯ ಅಂಚಿನ ಮೇಲಿಟ್ಟು 1 ಸೆಂಟಿಮೀಟರ್ ಒಳಗೆ ಪಿನ್ನು ಚುಚ್ಚಿ, ಹಿಂದಕ್ಕೆ ಸುತ್ತಿ ನೋಡಿ. ಮಡಿಕೆ ಹಿಂಬದಿಯಲ್ಲಿ ಪಿನ್ನನ್ನು ಒಂದು ಗೆರೆಯಷ್ಟು ದಾಟಿದರೆ ಅಗಲ ಸರಿ. ಹಳೆಯ ಸೀರೆ, ಪಂಚೆಯ ನಾಲ್ಕೈದು ಪದರಕ್ಕೆ ಎರಡೂ ಮುಕ್ಕಾಲು ಇಂಚು ಸಾಕಾಗುತ್ತದೆ. ಒಳಗೆ ಹಳೆಯ ಕಂಬಳಿ ಇಟ್ಟಿದ್ದರೆ 3 ಇಂಚಾದರೂ ಬೇಕು. ಅಂಚು ನೇರವಾಗಿರುವುದರಿಂದ ಕ್ರಾಸ್ ಪಟ್ಟಿಯೇ ಆಗಬೇಕೆಂದಿಲ್ಲ. ಆದರೆ ನೇರ ಪಟ್ಟಿಯ ಮಡಿಕೆ ಒಂದೇ ಎಳೆಯ ಗುಂಟ ಕೂರುತ್ತದೆ, ಸವೆದಾಗ ಆ ಎಳೆ ಉದ್ದಕ್ಕೂ ಬಾಯಿ ಬಿಡುತ್ತದೆ. ದಿನವೂ ಹೊದೆಯುವ ಕೌದಿಯಾದರೆ ಕ್ರಾಸ್ ಪಟ್ಟಿ ಹೆಚ್ಚು ಬಾಳುತ್ತದೆ. ಹಬ್ಬಕ್ಕೆ ಹಾಸುವುದಾದರೆ ನೇರದ್ದೇ ಸಾಕು. ಪಟ್ಟಿಗೆ ಪಟ್ಟಿ ಕೂಡಿಸುವಾಗ ಹೊಲಿಗೆ ಓರೆಯಾಗಿರಲಿ, ದಪ್ಪ ಒಂದೇ ಕಡೆ ಸೇರುವುದಿಲ್ಲ.

ಮಡಚಿದ ಪಟ್ಟಿಯ ಬಿಚ್ಚಿದ ಅಂಚು ಕೌದಿಯ ಅಂಚಿಗೆ, ಮೇಲ್ಬದಿಯಲ್ಲಿ ಇಡಿ. ಮೂಲೆಯಿಂದ ಶುರುಮಾಡಬೇಡಿ. ಒಂದು ಬದಿಯ ನಡುವಿನಿಂದ, 8 ಇಂಚು ಬಾಲ ಬಿಟ್ಟು, ಅಂಚಿನಿಂದ 1 ಸೆಂಟಿಮೀಟರ್ ಒಳಗೆ ಹೊಲಿಯುತ್ತ ಬನ್ನಿ. ಮೂಲೆಗೆ ಸರಿಯಾಗಿ 1 ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಬಿಗಿಮಾಡಿ, ದಾರ ಕತ್ತರಿಸಿ, ಕೌದಿಯನ್ನು ಹೊರತೆಗೆಯಿರಿ. ಪಟ್ಟಿಯನ್ನು ಮೇಲಕ್ಕೆ, ಕೌದಿಯಿಂದ ಆಚೆಗೆ ಮಡಚಿ. ಮೂಲೆಯಲ್ಲಿ 45 ಡಿಗ್ರಿ ಓರೆ ಮಡಿಕೆ ಬೀಳುತ್ತದೆ, ಪಟ್ಟಿ ಮುಂದಿನ ಬದಿಯೊಂದಿಗೆ ಒಂದೇ ನೇರಕ್ಕೆ ನಿಲ್ಲುತ್ತದೆ. ಆ ಓರೆಯನ್ನು ಬೆರಳಲ್ಲಿ ಒತ್ತಿ ಹಿಡಿದೇ ಪಟ್ಟಿಯನ್ನು ಕೆಳಕ್ಕೆ ಮಡಚಿ. ಈ ಎರಡನೆಯ ಮಡಿಕೆ ಈಗಷ್ಟೇ ಹೊಲಿದು ಬಂದ ಬದಿಯ ಅಂಚಿಗೆ ಸರಿಸಮ ಇರಬೇಕು. ಹೊಸ ಹೊಲಿಗೆ ಆ ಮಡಿಕೆಯ ತುದಿಯಿಂದಲೇ ಶುರು.

ಇಲ್ಲಿ ಕೂದಲೆಳೆಯ ವ್ಯತ್ಯಾಸವೂ ಮೂಲೆಯಲ್ಲಿ ಕಾಣುತ್ತದೆ. ಹೊಲಿಗೆಯನ್ನು ಅಂಚಿನವರೆಗೂ ಓಡಿಸಿಬಿಟ್ಟರೆ ಓರೆ ಮಡಿಕೆ ತೆರೆಯುವುದೇ ಇಲ್ಲ, ಮೂಲೆ ತಿರುಚಿಕೊಳ್ಳುತ್ತದೆ. ತೀರ ಮೊದಲೇ ನಿಲ್ಲಿಸಿದರೆ ಮೂಲೆ ದುಂಡಗಾಗುತ್ತದೆ. ಎರಡನೆಯ ಮಡಿಕೆ ಅಂಚಿಗಿಂತ ಒಳಗೆ ಜಾರಿದ್ದರೆ ಮೂಲೆ ಮೊಂಡು, ಹೊರಗೆ ಚಾಚಿದ್ದರೆ ಬೆಕ್ಕಿನ ಕಿವಿಯಂತೆ ತುದಿ ನಿಲ್ಲುತ್ತದೆ. ಇನ್ನೊಂದು ಅಭ್ಯಾಸವಿದೆ: ದಪ್ಪ ಕಡಿಮೆಯಾಗಲೆಂದು ಕೌದಿಯ ಮೂಲೆಯನ್ನೇ ಓರೆಯಾಗಿ ಕತ್ತರಿಸುವುದು. ದಯವಿಟ್ಟು ಬೇಡ. ಗೋಟಿನೊಳಗೆ ತುದಿಯವರೆಗೂ ಕೌದಿ ತುಂಬಿರಬೇಕು. ಒಳಗೆ ಪೊಳ್ಳಾದ ಗೋಟು ಮೊದಲು ಜೋತು ಬೀಳುತ್ತದೆ, ಮೊದಲು ಹರಿಯುವುದೂ ಅದೇ.

ಸುತ್ತು ಬಂದು ಶುರುವಿನ ಹತ್ತಿರ 10–12 ಇಂಚು ಉಳಿದಾಗ ನಿಲ್ಲಿಸಿ. ಎರಡು ಬಾಲಗಳು ಒಂದರ ಮೇಲೊಂದು ಬಿಚ್ಚಿದ ಪಟ್ಟಿಯ ಅಗಲದಷ್ಟು, ಇಲ್ಲಿ ಎರಡೂ ಮುಕ್ಕಾಲು ಇಂಚು, ಏರುವಂತೆ ಕತ್ತರಿಸಿ. ಮಡಿಕೆ ಬಿಡಿಸಿ, ಎರಡನ್ನೂ ಕಟ್ಟುಕೋನಕ್ಕೆ ಇಟ್ಟು ಓರೆಯಾಗಿ ಹೊಲಿದರೆ ಉಳಿದ ಜಾಗಕ್ಕೆ ಸರಿಯಾಗಿ ಕೂರುತ್ತದೆ. ಕಟ್ಟುಕೋನ ಎಂದರೆ ಎರಡು ಪಟ್ಟಿ ಒಂದಕ್ಕೊಂದು ಅಡ್ಡಲಾಗಿ, ಗೋಡೆ ನೆಲದಂತೆ. ಹೊಲಿದ ಮೇಲೆ ತಿರುಚಿಲ್ಲವೆಂದು ನೋಡಿಕೊಂಡೇ ಹೆಚ್ಚಿನದನ್ನು ಕತ್ತರಿಸಿ.

ಹಿಂಬದಿಗೆ ಗೋಟನ್ನು ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಮಾಡಿ, ಇಂಚಿಗೆ ಎಂಟು ಟಾಕಿ, ಸೂಜಿ ಮೇಲ್ಬದಿಗೆ ಹಾಯಬಾರದು. ಮೂಲೆಗೆ ಬಂದಾಗ ಮುಂಬದಿಯ ಓರೆ ಮಡಿಕೆಯ ದಪ್ಪ ಯಾವ ಕಡೆಗಿದೆ ಎಂದು ಬೆರಳಿನಿಂದ ಮುಟ್ಟಿ ನೋಡಿ, ಹಿಂಬದಿಯ ಮಡಿಕೆಯನ್ನು ಅದರ ಎದುರು ಕಡೆಗೆ ಹಾಕಿ. ಆಗ ನಾಲ್ಕು ಪದರ ಒಂದೇ ಕಡೆ ಗುಪ್ಪೆಯಾಗದೆ ಎರಡೆರಡಾಗಿ ಹಂಚಿಹೋಗುತ್ತದೆ. ತುದಿ ಒಳಗೆ ಸಿಕ್ಕಿಕೊಂಡಿದ್ದರೆ ಕತ್ತರಿಯ ಮೊನೆಯಿಂದ ಚುಚ್ಚಬೇಡಿ, ಹಳೆಯ ಬಟ್ಟೆ ತೂತಾಗುತ್ತದೆ. ಊದುಬತ್ತಿಯ ಕಡ್ಡಿಯ ಮೊಂಡು ತುದಿ ಸಾಕು. ಓರೆ ಮಡಿಕೆಯ ಮೇಲೆ ಮುಂದೆ ಮೂರು, ಹಿಂದೆ ಮೂರು ಟಾಕಿ ಹಾಕಿ ಮುಚ್ಚಿ. ಅದನ್ನು ಬಿಟ್ಟರೆ ಒಗೆಯುವಾಗ ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ. ಮೊದಲ ಎರಡು ಒಗೆತಕ್ಕೆ ಕೌದಿಯನ್ನು ಕಲ್ಲಿಗೆ ಬಡಿಯದೆ ತಣ್ಣೀರಿನಲ್ಲಿ ಹಿಸುಕಿ, ಮೂಲೆಗೆ ಚಿಮಟ ಹಾಕಿ ತೂಗುಬಿಡುವ ಬದಲು ನಡುವಿಗೆ ಹಗ್ಗ ಬರುವಂತೆ ಹೊದಿಸಿ ಒಣಗಿಸಿ. ನೀರು ಹೀರಿದ ಕೌದಿಯ ಭಾರವನ್ನೆಲ್ಲ ಎರಡು ಮೂಲೆಗಳು ಹೊರುವಂತಾದರೆ ಹೊಸ ಹೊಲಿಗೆ ಅಲ್ಲೇ ಜಗ್ಗಿ ಉದ್ದವಾಗುತ್ತದೆ.